ಹಾಕಿಯ ಬ್ಯಾಕ್ ಆಟಗಾರನ ಬಿಡುವಿನ ಕಾಲ

ಹಾಕಿಯ ಪಂದ್ಯವನ್ನು ನೋಡಲು ಮೈದಾನದ ಸುತ್ತಲೂ ನೆರೆದ ಜನರ ಕಣ್ಣು ಸಹಜವಾಗಿ ಚೆಂಡಿನ ಹಿಂದೆಯೇ ಓಡುತ್ತದೆ. ಚೆಂಡನ್ನು ಗೋಲಿಗೆ ಹೊಡೆಯುವವನು ಫಾರ್ವರ್ಡ್ ಆಟಗಾರನಾದುದರಿಂದ ಕೀರ್ತಿಯೂ ಅವನ ಪಾಲಿಗೇ ಸಲ್ಲುತ್ತದೆ. ಗೋಲಿನ ಮುಂದೆ ಕಾವಲು ನಿಂತಿರುವ ಬ್ಯಾಕ್ ಆಟಗಾರನನ್ನು ಜನ ಗಮನಿಸುವುದು ಬಹುಮಟ್ಟಿಗೆ ಅವನು ತಪ್ಪಿದಾಗ. ಫಾರ್ವರ್ಡನು ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಬ್ಯಾಕನು ಹತ್ತು ಸಲ ತಡೆದು ಹನ್ನೊಂದನೆಯ ಸಲ ಮೋಸಹೋದರೆ ಆ ಹತ್ತು ಸಲದ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ.

ಇಂಥ ಒಬ್ಬ ತರುಣ ಬ್ಯಾಕಿನ ವಿಷಯವಾಗಿ ಈ ಸಂಜೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅವನಿಗೆ ಹದಿನೇಳೋ ಹದಿನೆಂಟೋ ವಯಸ್ಸು. ಚನ್ನಗಿರಿಯಲ್ಲೋ ಹೊನ್ನಾಳಿಯಲ್ಲೋ, ನ್ಯಾಮತಿಯಲ್ಲೋ ಜಗಳೂರಿನಲ್ಲೋ ಹೈಸ್ಕೂಲು ಮುಗಿಸಿ ಕಾಲೇಜಿಗೆಂದು ನಗರಕ್ಕೆ ಬಂದವನು. ಊರಿನ ಮಣ್ಣಿನ ಮೈದಾನದಲ್ಲಿ ಅವನನ್ನು ದಾಟಿ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ನಗರದ ಕಾಲೇಜಿನ ತಂಡದಲ್ಲಿ ಮೊದಲ ವರ್ಷವೇ ಸ್ಥಾನ ದೊರೆಯಿತು. ಆದರೆ ಪಂದ್ಯದ ಮೇಲೆ ಪಂದ್ಯದಲ್ಲಿ ಎದುರಾಳಿಗಳು ಅವನ ಮಗ್ಗುಲಿನಿಂದಲೇ ನುಗ್ಗಿ ಗೋಲು ಹೊಡೆದರು. ವರ್ಷ ಮುಗಿಯುವ ಹೊತ್ತಿಗೆ ಅವನ ಜಾಗದಲ್ಲಿ ಬೇರೊಬ್ಬನು ನಿಂತಿದ್ದನು. ಇವನು ಯಾರೋ ಒಬ್ಬ ನಿರ್ದಿಷ್ಟ ಹುಡುಗನಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ನನ್ನಂಥವರು ವರ್ಷವರ್ಷವೂ ಕಾಣುವ ಹಲವರ ಒಟ್ಟು ರೂಪ. ಪರೀಕ್ಷೆ ಮುಗಿಸಿ ಇವನು ಊರಿಗೆ ಹೋಗುತ್ತಾನೆ. ಬೇಸಗೆಯ ರಜವೂ ಮುಂಗಾರಿನ ಮೊದಲ ತಿಂಗಳುಗಳೂ ಕಳೆದು ಮತ್ತೆ ಪಂದ್ಯಗಳು ಮೊದಲಾಗುವ ತನಕ ಮೂರು ನಾಲ್ಕು ತಿಂಗಳ ಬಿಡುವು. ಈ ಬಿಡುವಿನಲ್ಲಿ ಅವನು ಆಟವನ್ನೇ ಬಿಟ್ಟುಬಿಡುವುದುಂಟು. ಬಿಡದೆ ಏನನ್ನಾದರೂ ಮಾಡುವುದಾದರೆ ಏನನ್ನು ಮಾಡತಕ್ಕದ್ದು ಎಂಬುದೇ ಇಂದಿನ ಪ್ರಶ್ನೆ. ಶ್ರೋತೃಗಳಲ್ಲಿ ಕೆಲವರಿಗಾದರೂ ಇಂಥ ಒಬ್ಬ ಮಗನೋ ಸೋದರಳಿಯನೋ ಇದ್ದಾನು.

ಊರಿನಲ್ಲಿ ಅಷ್ಟು ಗಟ್ಟಿಯಾಗಿದ್ದವನು ನಗರದಲ್ಲಿ ಸೋತದ್ದೇಕೆ? ಧೈರ್ಯ ಕುಂದಿತು, ಹಳ್ಳಿಯವನು, ಅಂಜಿದನು ಎಂದು ಹೇಳಿ ಮುಗಿಸುವವರಿದ್ದಾರೆ. ನನಗೆ ಈ ವಿವರಣೆ ಒಪ್ಪಿಗೆಯಿಲ್ಲ. ಕಾರಣ ನೆಲದಲ್ಲಿದೆ. ಹಾಕಿಯ ಚೆಂಡು ೧೫೬ರಿಂದ ೧೬೩ ಗ್ರಾಂ ತೂಕದ ಗಟ್ಟಿ ಚೆಂಡು. ಕಲ್ಲು, ಗರಿಕೆ, ದನದ ಗೊರಸಿನ ಗುಳಿ ಇರುವ ಮಣ್ಣಿನ ಮೇಲೆ ಅದು ನೆಟ್ಟಗೆ ಉರುಳುವುದಿಲ್ಲ. ಪುಟಿಯುತ್ತದೆ, ತಿರುಗುತ್ತದೆ, ಫಾರ್ವರ್ಡನ ಸ್ಟಿಕ್ಕಿನಿಂದ ಮಾರುದ್ದ ದೂರ ಸಿಡಿಯುತ್ತದೆ. ಆ ಗಳಿಗೆಯಲ್ಲಿ ಮುನ್ನುಗ್ಗಿ ಮೇಲೆ ಬಿದ್ದವನಿಗೆ ಚೆಂಡು ಸಿಕ್ಕೇ ಸಿಗುತ್ತದೆ. ನಮ್ಮ ಹುಡುಗನು ಐದಾರು ವರ್ಷ ಹೀಗೆ ನುಗ್ಗಿ ಗೆದ್ದವನು. ನಗರದ ಸಮನಾದ ಮೈದಾನದಲ್ಲಿ, ಅದಕ್ಕಿಂತ ಹೆಚ್ಚಾಗಿ ಕೃತಕ ಹುಲ್ಲಿನ ಹಾಸಿನ ಮೇಲೆ, ಚೆಂಡು ಫಾರ್ವರ್ಡನ ಸ್ಟಿಕ್ಕಿಗೆ ಅಂಟಿಕೊಂಡಂತೆ ಬರುತ್ತದೆ. ಅಲ್ಲಿ ನುಗ್ಗಿದವನಿಗೆ ಸಿಕ್ಕುವುದು ಗಾಳಿ. ಫಾರ್ವರ್ಡನು ಕಾಯುತ್ತಿರುವುದು ಆ ನುಗ್ಗನ್ನೇ. ಒಂದು ಗೇಣು ಚೆಂಡನ್ನು ಪಕ್ಕಕ್ಕೆಳೆದು ದಾಟಿಬಿಡುತ್ತಾನೆ. ಊರಿನಲ್ಲಿ ಯಾವುದು ಗುಣವಾಗಿತ್ತೋ ಅದೇ ಇಲ್ಲಿ ದೋಷವಾಗಿದೆ. ಹುಡುಗನಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲವಾಗಿ ಅವನು ಇನ್ನೂ ರಭಸದಿಂದ ನುಗ್ಗುತ್ತಾನೆ, ಇನ್ನೂ ಸುಲಭವಾಗಿ ಮೋಸಹೋಗುತ್ತಾನೆ.

ನೆಲದ ಈ ಮಹಿಮೆ ಒಬ್ಬ ಹುಡುಗನ ಕಥೆಯಷ್ಟೇ ಅಲ್ಲ. ೧೯೨೮ರಿಂದ ಒಲಿಂಪಿಕ್ ಕೂಟಗಳಲ್ಲಿ ಹಾಕಿಯ ಪದಕವಿಲ್ಲದೆ ಹಿಂದಿರುಗಿ ಗೊತ್ತಿಲ್ಲದಿದ್ದ ಭಾರತ ತಂಡವು ೧೯೭೬ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಒಲಿಂಪಿಕ್ ಹಾಕಿಯನ್ನು ಕೃತಕ ಹಾಸಿನ ಮೇಲೆ ಆಡಿದ್ದು ಅದೇ ಮೊದಲು. ಬೇರೆ ಕಾರಣಗಳೂ ಇದ್ದವೆನ್ನಿ. ಆದರೂ ನೆಲ ಬದಲಾದರೆ ಆಟವೂ ಬದಲಾಗುತ್ತದೆಂಬುದನ್ನು ಇಡೀ ದೇಶವೇ ಆಗ ಕಷ್ಟಪಟ್ಟು ಕಲಿಯಬೇಕಾಯಿತು.

ಇನ್ನು ಬ್ಯಾಕಿನ ಕೆಲಸವೆಂದರೇನೆಂಬುದನ್ನು ವಿಚಾರಿಸೋಣ. ಚೆಂಡನ್ನು ಕಸಿದುಕೊಳ್ಳುವುದೇ ಅವನ ಕೆಲಸವೆಂದು ಸಾಮಾನ್ಯವಾದ ನಂಬಿಕೆ. ನನ್ನ ಅಭಿಪ್ರಾಯದಲ್ಲಿ ಕಸಿಯುವುದು ಎರಡನೆಯ ಕೆಲಸ, ತಡಮಾಡಿಸುವುದು ಮೊದಲನೆಯದು. ಹಾಕಿಯ ಗೋಲಿನ ಅಗಲ ೩.೬೬ ಮೀಟರು, ಎತ್ತರ ೨.೧೪ ಮೀಟರು. ಗೋಲು ಹೊಡೆಯಬೇಕಾದರೆ ಅದರ ಮುಂದೆ ೧೪.೬೩ ಮೀಟರಿನ ಅಳತೆಯಲ್ಲಿ ಎಳೆದ ವೃತ್ತದೊಳಗಿನಿಂದಲೇ ಹೊಡೆಯಬೇಕು. ಆದ್ದರಿಂದ ಎದುರಾಳಿಯನ್ನು ವೃತ್ತದ ಹೊರಗೆ ಎರಡು ಮೂರು ಕ್ಷಣ ಹಿಡಿದಿಟ್ಟರೆ ಸಾಕು, ಹಾಫ್‌ಬ್ಯಾಕುಗಳು ಹಿಂದಿರುಗಿ ಬಂದು ಕೂಡಿಕೊಳ್ಳುತ್ತಾರೆ. ಮೊದಲು ಬ್ಯಾಕುಗಳಿಗೆ ಆಫ್‌ಸೈಡ್ ನಿಯಮದ ಆಸರೆಯಿತ್ತು. ಮುಂದೆ ಹೆಜ್ಜೆಯಿಟ್ಟು ಎದುರಾಳಿಯನ್ನು ನಿಯಮದ ಬಲೆಗೆ ಕೆಡಹಬಹುದಾಗಿತ್ತು. ೧೯೯೦ರ ದಶಕದ ಕೊನೆಯಲ್ಲಿ ಆ ನಿಯಮವನ್ನು ಹಾಕಿಯಿಂದ ತೆಗೆದುಹಾಕಿದ ಮೇಲೆ ಫಾರ್ವರ್ಡನು ಗೋಲಿನ ಬಾಗಿಲಲ್ಲೇ ಹೊಂಚಿ ನಿಲ್ಲಬಲ್ಲವನಾದನು. ಬ್ಯಾಕಿಗೆ ಈಗ ಕಾಲು, ಕಣ್ಣು ಇವೆರಡೇ ಆಸರೆ.

ಕಾಲಿನ ಮಾತು ಮೊದಲು. ಎದುರಾಳಿಯು ಚೆಂಡಿನೊಡನೆ ಬರುತ್ತಿರುವಾಗ ಅವನಿಗೆ ಎದೆಯೊಡ್ಡಿ ನೇರವಾಗಿ ನಿಲ್ಲಕೂಡದು. ಹಾಗೆ ನಿಂತವನು ಎಡಕ್ಕಾಗಲಿ ಬಲಕ್ಕಾಗಲಿ ಇಡೀ ಮೈಯನ್ನು ತಿರುಗಿಸಬೇಕಾಗಿ ಬರುತ್ತದೆ. ಅಷ್ಟರಲ್ಲಿ ಬಂದವನು ದಾಟಿರುತ್ತಾನೆ. ಮೈಯನ್ನು ಅರ್ಧ ಓರೆಮಾಡಿ, ಮೊಣಕಾಲು ಬಗ್ಗಿಸಿ, ಎಡಪಾದವನ್ನು ತುಸು ಮುಂದಿಟ್ಟು, ಸ್ಟಿಕ್ಕನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಹಿಂದಕ್ಕೆ ಸರಿಯುತ್ತ ಹೋಗಬೇಕು. ಹಿಂದೆ ಸರಿಯುವುದು ಸೋಲೆಂದು ನಮ್ಮ ಹುಡುಗನು ತಿಳಿದಿದ್ದಾನೆ. ಈ ತಿಳಿವಳಿಕೆಯನ್ನು ಕಳೆಯುವುದು ಕಷ್ಟದ ಕೆಲಸ. ಸರಿಯುತ್ತಿರುವಾಗಲೇ ಎದುರಾಳಿಯನ್ನು ತನ್ನ ಬಲಗಡೆಗೆ ಒತ್ತಿಕೊಂಡು ಹೋಗಬೇಕು. ಹಾಕಿಯ ಸ್ಟಿಕ್ಕಿಗೆ ಒಂದೇ ಮಗ್ಗುಲು ಚಪ್ಪಟೆ. ಇನ್ನೊಂದು ಮಗ್ಗುಲಿನಿಂದ ಚೆಂಡನ್ನು ಮುಟ್ಟಿದರೆ ತಪ್ಪು. ಬ್ಯಾಕಿನ ಬಲಗಡೆಯಲ್ಲಿ ಅವನ ಸ್ಟಿಕ್ಕಿಗೆ ಬಲವಿರುತ್ತದೆ. ಎದುರಿನಿಂದ ಬರುವವನಿಗೆ ಅದು ಎಡಗಡೆಯಾದ್ದರಿಂದ ಸ್ಟಿಕ್ಕನ್ನು ತಿರುಗಿಸಿ ಆಡಬೇಕಾಗುತ್ತದೆ. ಈಚೆಗೆ ಆ ತಿರುವಿನಿಂದಲೇ ಭಯಂಕರವಾಗಿ ಹೊಡೆಯಬಲ್ಲ ಫಾರ್ವರ್ಡುಗಳು ಬಂದಿರುವುದರಿಂದ ಈ ಅನುಕೂಲ ಮೊದಲಿನಷ್ಟಿಲ್ಲ. ಆದರೂ ಇಲ್ಲವೆನ್ನುವಂತಿಲ್ಲ.

ಎಡಗೈ ಒಂದರಿಂದಲೇ ಸ್ಟಿಕ್ಕನ್ನು ಚಾಚಿ ಚೆಂಡನ್ನು ಚುಚ್ಚಿ ಕೂಡಲೇ ಹಿಂದಕ್ಕೆ ಸೆಳೆದುಕೊಳ್ಳುವುದಕ್ಕೆ ಜಾಬ್ ಎಂದು ಹೆಸರು. ಚೇಳು ಕೊಂಡಿಯೆತ್ತಿ ಇಳಿಸಿದಂತೆ ಇದು ಕ್ಷಣಮಾತ್ರದಲ್ಲಿ ನಡೆಯಬೇಕು. ಇದರಿಂದ ಚೆಂಡು ಕೈಗೆ ಬರುವುದು ಅಪರೂಪ. ಎದುರಾಳಿಯ ಕಣ್ಣು ಚೆಂಡಿಗೆ ಇಳಿಯುವುದು ಮಾತ್ರ ಖಂಡಿತ. ಕಣ್ಣು ಕೆಳಗಿಳಿದವನಿಗೆ ತನ್ನ ಜೊತೆಗಾರನು ಕಾಣುವುದಿಲ್ಲ, ಅಷ್ಟೇ ಬೇಕಾದದ್ದು. ಚೆಂಡು ಅವನ ಸ್ಟಿಕ್ಕಿನಿಂದ ಒಂದು ಗೇಣು ಬಿಟ್ಟುಹೋದಾಗ ಎರಡೂ ಕೈಯಿಂದ ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ತಡೆಯೊಡ್ಡಬೇಕು. ಎದುರಾಳಿಯ ಸ್ಟಿಕ್ಕನ್ನಾಗಲಿ ಮೈಯನ್ನಾಗಲಿ ಹೊಡೆಯುವಂತಿಲ್ಲ. ವೃತ್ತದೊಳಗೆ ಬ್ಯಾಕು ಅರಿಯದೆ ಮಾಡಿದ ತಪ್ಪಿಗೂ ಸಾಮಾನ್ಯವಾಗಿ ಪೆನಾಲ್ಟಿ ಕಾರ್ನರಿನ ದಂಡ ತೆರಬೇಕು.

ಬಿಡುವಿನ ಕಾಲದ ಅಭ್ಯಾಸ ಈಗ ತಾನಾಗಿ ಗೊತ್ತಾಗುತ್ತದೆ. ಮೊದಲ ಹದಿನೈದು ದಿನ ಸ್ಟಿಕ್ಕನ್ನು ಮುಟ್ಟದೆ ಇರುವುದೇ ಲೇಸು. ವರ್ಷವೆಲ್ಲ ಬಗ್ಗಿ ಓಡಿದ ಸೊಂಟಕ್ಕೂ ತೊಡೆಯ ಹಿಂಬದಿಯ ನರಗಳಿಗೂ ವಿಶ್ರಾಂತಿ ಬೇಕು. ನೊಂದ ಮನಸ್ಸಿಗಂತೂ ಇನ್ನೂ ಹೆಚ್ಚಾಗಿ ಬೇಕು. ಆಮೇಲೆ ಗರಡಿಯ ಮನೆ. ದಾವಣಗೆರೆಯ ಸೀಮೆಯಲ್ಲಿ ಕುಸ್ತಿಗೆ ಹಿಂದಿನಿಂದಲೂ ಮನ್ನಣೆಯುಂಟು. ಗರಡಿಯ ಬಸ್ಕಿಯೂ ದಂಡವೂ ಅಲ್ಲಿಯ ಹುಡುಗರಿಗೆ ಹೊಸತಲ್ಲ. ಬ್ಯಾಕಿಗೆ ಬೇಕಾದ ಬಲ ತೊಡೆ, ಸೊಂಟ, ಹೊಟ್ಟೆಗಳ ಬಲ. ಬಗ್ಗಿದ ಮೊಣಕಾಲಿನಲ್ಲಿ ಪಂದ್ಯವೆಲ್ಲ ನಿಲ್ಲಬೇಕಾದವನಿಗೆ ಬಸ್ಕಿಗಿಂತ ಒಳ್ಳೆಯ ಸಾಧನೆಯನ್ನು ನಾನು ಕಾಣೆ. ನಗರದ ವ್ಯಾಯಾಮಶಾಲೆಗಳ ಕಬ್ಬಿಣದ ಯಂತ್ರಗಳಿಲ್ಲವೆಂದು ಕೊರಗುವುದು ಬೇಡ. ಹಾಗೆಯೇ ಊಟದ ವಿಷಯದಲ್ಲಿ ಡಬ್ಬಿಗಳಲ್ಲಿ ಮಾರುವ ಪುಡಿಗಳ ಹಂಗೂ ಬೇಡ. ಜಗಳೂರಿನ ಕಡೆಯ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ, ಮೊಸರು, ಒಲ್ಲೆನೆನ್ನದವರಿಗೆ ಮೊಟ್ಟೆ, ಇವು ಸಾಕು.

ಓಟದ ವಿಷಯದಲ್ಲಿ ಒಂದು ತಪ್ಪು ನಡೆಯುತ್ತಿದೆ. ಹುಡುಗರು ಬೆಳಗಿನ ಜಾವ ಎದ್ದು ಮೂರು ನಾಲ್ಕು ಮೈಲಿ ಒಂದೇ ಸಮನೆ ಓಡಿ ಬಂದು ಅಭ್ಯಾಸವಾಯಿತೆನ್ನುತ್ತಾರೆ. ದಮ್ಮು ಬೆಳೆಯುವುದಕ್ಕೆ ವಾರಕ್ಕೆ ಒಂದೆರಡು ದಿನ ಅದೂ ಇರಲಿ. ಆದರೆ ಬ್ಯಾಕನು ಪಂದ್ಯದಲ್ಲಿ ಓಡುವುದು ಹೆಚ್ಚಾಗಿ ಹತ್ತು ಹದಿನೈದು ಗಜ, ಆಮೇಲೆ ನಿಲ್ಲುವುದು, ಆಮೇಲೆ ಹಿಂದಕ್ಕೆ. ಅವನು ಅಭ್ಯಾಸ ಮಾಡಬೇಕಾದದ್ದು ಇದನ್ನೇ: ಹತ್ತು ಹೆಜ್ಜೆ ಹಿಂದಕ್ಕೆ ಸರಿದು, ಗೆಳೆಯನು ಕೈತೋರಿಸಿದ ಕಡೆಗೆ ಥಟ್ಟನೆ ತಿರುಗಿ, ಹತ್ತು ಹೆಜ್ಜೆ ಪ್ರಾಣ ಬಿಟ್ಟು ಓಡುವುದು; ಒಂದು ನಿಮಿಷ ನಿಂತು ಮತ್ತೆ ಅದೇ. ಎಂಟು ಹತ್ತು ಸಲ ಮಾಡಿದರೆ ಸಾಕು, ಬೆವರು ತಾನಾಗಿ ಹೇಳುತ್ತದೆ. ನ್ಯಾಮತಿಯವನಿಗೆ ತೀರ್ಥರಾಮೇಶ್ವರದ ಬೆಟ್ಟವಿದೆ. ಏರು ಹತ್ತುವುದರಿಂದ ತೊಡೆ ಬಲಿಯುತ್ತದೆ. ಹೊನ್ನಾಳಿಯವನಿಗೆ ಬೇಸಗೆಯಲ್ಲಿ ತುಂಗಭದ್ರೆಯ ದಡದ ಮರಳಿದೆ. ಮರಳಿನ ಮೇಲಿನ ಹತ್ತು ಹೆಜ್ಜೆ ಗಟ್ಟಿನೆಲದ ಇಪ್ಪತ್ತಕ್ಕೆ ಸಮ. ಮಳೆ ಹಿಡಿದು ಹೊಳೆ ಏರಿದ ಮೇಲೆ ಅತ್ತ ಸುಳಿಯಕೂಡದು. ಜಗಳೂರಿನವನಿಗೆ ಬೆಟ್ಟವೂ ಹೊಳೆಯೂ ಹತ್ತಿರವಿಲ್ಲ. ಆದರೆ ಮಲೆನಾಡಿನ ಅಂಚಿನ ಉಳಿದ ಮೂರು ಊರುಗಳಲ್ಲಿ ಮೈದಾನ ಕೆಸರಾಗಿರುವಾಗಲೂ ಬಯಲುಸೀಮೆಯ ಅವನ ಮೈದಾನ ಬಹುದಿನ ಒಣಗಿಯೇ ಇರುತ್ತದೆ. ರೈತನಿಗೆ ಅದು ಕಣ್ಣೀರು. ಆಟಗಾರನಿಗೊಂದು ಸಣ್ಣ ಲಾಭ.

ಈ ನಾಲ್ಕು ಊರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಹಳಬರಿಗೆ ವಿಚಿತ್ರವಾಗಿ ತೋರಬಹುದು. ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದ ಕಾಲ ಅವರ ನೆನಪಿನಲ್ಲಿದೆ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಇವು ಒಟ್ಟುಗೂಡಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ೨೦೧೮ರಲ್ಲಿ ತಾನೇ ತಾಲ್ಲೂಕಾಯಿತು. ಹೀಗೆ ಜಿಲ್ಲೆ ಒಂದಾದರೂ ನೆಲ ನಾಲ್ಕು ಬಗೆ.

ಸ್ಟಿಕ್ಕಿನ ಅಭ್ಯಾಸಕ್ಕೆ ಸಮನಾದ ನೆಲ ಬೇಕೇ ಬೇಕು. ಮಣ್ಣಿನ ಮೇಲೆಯೇ ಆಡಿದರೆ ಹಳೆಯ ನುಗ್ಗಾಟವೇ ಮರಳಿ ಬರುತ್ತದೆ. ಇಲ್ಲಿ ಚನ್ನಗಿರಿಯವನು ಪುಣ್ಯವಂತ. ಅಡಿಕೆಯ ಸೀಮೆಯಾದ್ದರಿಂದ ಅಲ್ಲಿ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳಗಳಿವೆ. ಕೊಯ್ಲಿನ ಕಾಲ ಕಳೆದ ಮೇಲೆ ಅವು ಬರಿದಾಗಿರುತ್ತವೆ. ಒಡೆಯರ ಅಪ್ಪಣೆ ಪಡೆದು ಅಲ್ಲಿ ಒಂದು ಗೋಡೆಗೆ ಚೆಂಡನ್ನು ತಳ್ಳಿ, ಹಿಂದಿರುಗಿ ಬಂದದ್ದನ್ನು ನಿಲ್ಲಿಸುವುದು ಮೊದಲ ಪಾಠ. ಸಿಮೆಂಟಿನ ಮೇಲೆ ಚೆಂಡು ಮಣ್ಣಿಗಿಂತ ಬೇಗ ಬರುತ್ತದೆ. ಕೃತಕ ಹಾಸಿನ ವೇಗಕ್ಕೆ ಕಣ್ಣು ಪಳಗಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಸ್ಟಿಕ್ಕಿನ ಮೇಲ್ಭಾಗ ತುಸು ಮುಂದಕ್ಕೆ ವಾಲಿರಬೇಕು, ಇಲ್ಲವಾದರೆ ಚೆಂಡು ಹಾರಿ ಮುಖಕ್ಕೆ ಬರುತ್ತದೆ. ಉಳಿದ ಊರಿನವರು ಶಾಲೆಯ ಹಜಾರವನ್ನೋ ಸಂತೆಯ ಕಟ್ಟೆಯನ್ನೋ ಹುಡುಕಿಕೊಳ್ಳಬೇಕು. ಆದರೆ ಅಂಥ ನೆಲದ ಮೇಲೆ ರಭಸದ ಓಟ ಕೂಡದು. ಮೊಣಕಾಲಿನ ಕೀಲು ಸವೆದೀತು.

ನಿಲ್ಲಿಸುವುದಾದ ಮೇಲೆ ಕಳುಹಿಸುವುದು. ಕಸಿದ ಚೆಂಡನ್ನು ಕಣ್ಣುಮುಚ್ಚಿ ದೂರ ಬಾರಿಸುವ ಬ್ಯಾಕು ತನ್ನ ತಂಡಕ್ಕೆ ಅರ್ಧ ಉಪಕಾರವನ್ನಷ್ಟೇ ಮಾಡುತ್ತಾನೆ, ಏಕೆಂದರೆ ಚೆಂಡು ಮತ್ತೆ ಎದುರಾಳಿಯ ಪಾಲಾಗುತ್ತದೆ. ಇಪ್ಪತ್ತು ಗಜದಾಚೆ ಎರಡು ಇಟ್ಟಿಗೆಗಳನ್ನು ಮಾರುದ್ದದ ಅಂತರದಲ್ಲಿಟ್ಟು ಅವುಗಳ ನಡುವೆ ಚೆಂಡನ್ನು ತಳ್ಳುವುದು, ಆಮೇಲೆ ಓಡುತ್ತಲೇ ತಳ್ಳುವುದು, ಕೊನೆಗೆ ಕತ್ತೆತ್ತಿ ಬೇರೆಲ್ಲೋ ನೋಡುತ್ತಲೇ ತಳ್ಳುವುದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು.

ಎದುರಾಳಿಯನ್ನು ತಡೆಯುವ ಅಭ್ಯಾಸಕ್ಕೆ ಒಬ್ಬ ಜೊತೆಗಾರನು ಸಾಕು. ನಾನು ಸೂಚಿಸುವ ಆಟ ಇದು. ಎಂಟು ಗಜ ಅಗಲದ ಓಣಿಯನ್ನು ಗೆರೆಯೆಳೆದು, ಜೊತೆಗಾರನು ಚೆಂಡಿನೊಡನೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಬೇಕು. ಬ್ಯಾಕಿಗೆ ಮೊದಲ ವಾರ ಚೆಂಡನ್ನು ಮುಟ್ಟುವ ಹಕ್ಕೇ ಇಲ್ಲ. ಓರೆಯಾಗಿ ಸರಿಯುತ್ತ ಅವನನ್ನು ಬಲಗೆರೆಯ ಕಡೆಗೆ ಒತ್ತಿ ತಡಮಾಡಿಸಬೇಕು. ಎಷ್ಟು ಎಣಿಕೆಯ ತನಕ ತಡೆದನೆಂದು ಗಟ್ಟಿಯಾಗಿ ಎಣಿಸಬೇಕು. ಎರಡನೆಯ ವಾರ ಜಾಬಿಗೆ ಅನುಮತಿ. ಮೂರನೆಯ ವಾರ ಕಸಿಯಲು. ನುಗ್ಗುವ ಚಟವಿರುವವನಿಗೆ ಮೊದಲ ವಾರ ಉಪವಾಸ ವ್ರತದಷ್ಟು ಕಠಿನ. ಆ ವಾರವನ್ನು ತಪ್ಪಿಸಿ ಮೂರನೆಯದಕ್ಕೆ ಹಾರಿದರೆ ಉಳಿದದ್ದೆಲ್ಲ ವ್ಯರ್ಥ.

ಕಣ್ಣಿನ ಶಿಕ್ಷಣ ಇದಕ್ಕಿಂತ ಸೂಕ್ಷ್ಮ. ಎದುರಾಳಿಯ ಭುಜ ಒಂದು ಕಡೆಗೆ ವಾಲುತ್ತದೆ, ತಲೆ ಇನ್ನೊಂದು ಕಡೆಗೆ. ಎರಡೂ ಸುಳ್ಳು ಹೇಳಬಲ್ಲವು. ಸುಳ್ಳು ಹೇಳದಿರುವುದು ಚೆಂಡೊಂದೇ. ಚೆಂಡನ್ನೇ ನೋಡುತ್ತಿರಬೇಕು, ಆದರೆ ತನಗೂ ಗೋಲಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂಬುದು ಬೆನ್ನಿಗೇ ಗೊತ್ತಾಗುತ್ತಿರಬೇಕು. ಇದಕ್ಕೆ ಒಂದು ನೋಟ್‌ಪುಸ್ತಕ ನೆರವಾಗುತ್ತದೆಂದು ನನ್ನ ನಂಬಿಕೆ. ಮೇಷ್ಟರ ಚಾಳಿಯೆಂದು ನಕ್ಕರೂ ಚಿಂತೆಯಿಲ್ಲ. ಕಳೆದ ವರ್ಷ ತನ್ನ ಕಡೆಯಿಂದ ಹೋದ ಗೋಲುಗಳನ್ನು ಒಂದೊಂದಾಗಿ ನೆನೆದು, ತಾನು ಎಲ್ಲಿ ನಿಂತಿದ್ದೆ, ಕಾಲು ಹೇಗಿತ್ತು, ಯಾವಾಗ ನುಗ್ಗಿದೆ ಎಂದು ಚಿತ್ರ ಬರೆದಿಡಬೇಕು. ಹತ್ತು ಗೋಲುಗಳಲ್ಲಿ ಏಳೆಂಟು ಒಂದೇ ದೋಷದ ಮಕ್ಕಳೆಂದು ಕಂಡರೆ ಹುಡುಗನಿಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚಾದೀತು. ಒಂದು ದೋಷವನ್ನು ತಿದ್ದಬಹುದು; ತಾನು ಕೆಲಸಕ್ಕೆ ಬಾರದವನೆಂಬ ಭಾವನೆಯನ್ನು ತಿದ್ದುವುದು ಹೇಗೆ?

ಬ್ಯಾಕಿಗೆ ಗೋಲು ಹೊಡೆಯುವ ಭಾಗ್ಯವೂ ಇಲ್ಲದಿಲ್ಲ. ೧೯೫೬ರ ಮೆಲ್ಬರ್ನ್ ಒಲಿಂಪಿಕ್ಕಿನ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದ ಮೇಲೆ ಭಾರತಕ್ಕೆ ಚಿನ್ನ ತಂದ ಒಂದೇ ಗೋಲನ್ನು ಹೊಡೆದವರು ಬ್ಯಾಕ್ ರಣಧೀರ್ ಸಿಂಗ್ ಜೆಂಟಲ್. ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಹೆಸರಾದವರು ಕೊಡಗಿನ ವಿ. ಆರ್. ರಘುನಾಥ್. ೧೯೮೮ರಲ್ಲಿ ಹುಟ್ಟಿದ ಇವರು ೨೦೦೫ರಲ್ಲಿಯೇ, ಹದಿಹರೆಯದಲ್ಲೇ, ಭಾರತ ತಂಡಕ್ಕೆ ಬಂದವರು. ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಸ್ಟಿಕ್ಕಿನ ಮೇಲೆ ಎಳೆದು ಕವಣೆಯಂತೆ ಬೀಸುವ ಡ್ರ್ಯಾಗ್ ಫ್ಲಿಕ್ ಅವರ ಅಸ್ತ್ರ. ಇಂಥ ಬಲವಿದ್ದವರಿಗೂ ೨೦೧೨ರ ಲಂಡನ್ ಒಲಿಂಪಿಕ್ಕಿನಲ್ಲಿ ಎಂಥ ಗತಿ ಬಂತೆಂಬುದನ್ನು ನೆನೆಯಿರಿ: ಅವರಿದ್ದ ಭಾರತ ತಂಡವು ಆಡಿದ ಪ್ರತಿಯೊಂದು ಪಂದ್ಯವನ್ನೂ ಸೋತು ಹನ್ನೆರಡನೆಯದಾಗಿ, ಎಂದರೆ ಕಟ್ಟಕಡೆಯದಾಗಿ, ಹಿಂದಿರುಗಿತು. ಮರುವರ್ಷ, ೨೦೧೩ರಲ್ಲಿ, ಇಪೋ ನಗರದ ಏಷ್ಯಾ ಕಪ್ಪಿನಲ್ಲಿ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಸಂದದ್ದು ಅದೇ ರಘುನಾಥರಿಗೆ. ೨೦೧೪ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು.

ಕೊಡಗಿನ ಮಾತು ಬೇರೆಯೆಂದು ನೀವು ಹೇಳಬಹುದು. ನಿಜ. ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಮೊದಲುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮನೆಮನೆಯೇ ಒಂದು ತಂಡ. ಮಗುವಿನ ಕೈಗೆ ಸ್ಟಿಕ್ಕು ತಾನಾಗಿ ಬರುತ್ತದೆ. ದಾವಣಗೆರೆಯ ತಾಲ್ಲೂಕುಗಳ ಹುಡುಗನಿಗೆ ಅಂಥ ಪರಂಪರೆಯ ಬೆಂಬಲವಿಲ್ಲ. ಅದಕ್ಕಾಗಿಯೇ ಅವನ ವಿಷಯದಲ್ಲಿ ಒಂದು ವರ್ಷದ ಆಟವನ್ನು ನೋಡಿ ತೀರ್ಪು ಕೊಡುವುದು ಅನ್ಯಾಯವೆನ್ನುತ್ತೇನೆ. ಬ್ಯಾಕ್ ಆಟಗಾರನು ತಡವಾಗಿ ಪಕ್ವವಾಗುವ ಹಣ್ಣು. ಒಡಿಶಾದ ಅಮಿತ್ ರೋಹಿದಾಸ್ ೨೦೧೩ರಲ್ಲಿ ಭಾರತ ತಂಡಕ್ಕೆ ಬಂದು, ಸ್ಥಾನ ಕಳೆದುಕೊಂಡು, ಹೊರಗೇ ಕಾದು, ೨೦೧೭ರಲ್ಲಿ ಮರಳಿದರು. ಪೆನಾಲ್ಟಿ ಕಾರ್ನರಿನಲ್ಲಿ ಗೋಲಿನ ಗೆರೆಯಿಂದ ಹೊಡೆತದ ಎದುರಿಗೇ ಓಡುವ ಮೊದಲ ಆಳಾಗಿ ಅವರು ಪ್ರಸಿದ್ಧರಾದದ್ದು ಆಮೇಲೆ. ೨೦೨೧ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಕಿನಲ್ಲಿ ಕಂಚು ಗೆದ್ದ ತಂಡದಲ್ಲಿ ಅವರಿದ್ದರು.

೨೦೨೪ರ ಪ್ಯಾರಿಸ್ ಒಲಿಂಪಿಕ್ಕಿನಲ್ಲಿ ಬ್ರಿಟನ್ನಿನ ಮೇಲೆ ನಡೆದ ಕ್ವಾರ್ಟರ್ ಫೈನಲನ್ನು ನಮ್ಮ ಹುಡುಗನು ಹತ್ತು ಸಲ ನೋಡಬೇಕು. ಇಂದಿನ ಕಾಲದಲ್ಲಿ ಅದು ಕಷ್ಟವಲ್ಲ. ೧೭ನೆಯ ನಿಮಿಷದಲ್ಲಿ ಇದೇ ರೋಹಿದಾಸರ ಸ್ಟಿಕ್ಕು ಎದುರಾಳಿಯ ಮುಖಕ್ಕೆ ತಾಗಿ ಅಂಪೈರು ಕೆಂಪು ಚೀಟಿ ತೋರಿಸಿದರು. ಅರುವತ್ತು ನಿಮಿಷದ ಪಂದ್ಯದಲ್ಲಿ ಉಳಿದ ನಾಲ್ವತ್ತಕ್ಕೂ ಹೆಚ್ಚು ನಿಮಿಷಗಳನ್ನು ಭಾರತವು ಹತ್ತು ಜನರಲ್ಲಿಯೇ ಆಡಿತು. ೧–೧ರಲ್ಲಿ ಸಮವಾಗಿ ನಿಂತ ಪಂದ್ಯ ಶೂಟೌಟಿನಲ್ಲಿ ೪–೨ರಿಂದ ಭಾರತಕ್ಕೆ ಬಂತು. ಗೋಲಿ ಶ್ರೀಜೇಶರ ಪರಾಕ್ರಮವನ್ನು ಎಲ್ಲರೂ ಕೊಂಡಾಡಿದರು, ಅದು ಸಲ್ಲತಕ್ಕದ್ದೇ. ನಮ್ಮ ಹುಡುಗನು ಮಾತ್ರ ಚೆಂಡನ್ನು ಬಿಟ್ಟು ಬ್ಯಾಕುಗಳ ಪಾದಗಳನ್ನು ನೋಡಲಿ: ನಡುದಾರಿಯನ್ನು ಮುಚ್ಚಿಕೊಂಡು, ಎದುರಾಳಿಯನ್ನು ಅಂಚಿನ ಗೆರೆಯ ಕಡೆಗೆ ಸರಿಸುತ್ತ, ಎಷ್ಟು ಸಲ ಅವರು ನುಗ್ಗದೆ ಸುಮ್ಮನೆ ಹಿಂದೆ ಸರಿದರೆಂದು ಎಣಿಸಲಿ.

ಹಿರಿಯರು ಮಾಡಬೇಕಾದ ಸಹಾಯ ಸ್ವಲ್ಪವೇ. ಸರಿಯಾದ ಉದ್ದದ ಒಂದು ಸ್ಟಿಕ್ಕು, ಅಡಿ ಸವೆಯದ ಬೂಟು, ಮೊಣಕಾಲಿನ ಕೆಳಗೆ ಕಟ್ಟುವ ಶಿನ್‌ಪ್ಯಾಡು, ಹಲ್ಲಿಗೆ ರಕ್ಷೆ, ಪೆನಾಲ್ಟಿ ಕಾರ್ನರನ್ನು ತಡೆಯುವ ಅಭ್ಯಾಸಕ್ಕೆ ಮುಖವಾಡ. ಕೊನೆಯ ಎರಡನ್ನು ಉಳಿತಾಯದ ನೆವದಿಂದ ಬಿಡಬಾರದು. ಕಾಲೇಜಿನ ತಂಡವನ್ನು ಆರಿಸುವವರು ಆಗಸ್ಟಿನಲ್ಲಿ ಇವನು ಹಿಂದಿರುಗಿದಾಗ ಮೊದಲ ದಿನವೇ ಪಂದ್ಯಕ್ಕಿಳಿಸದೆ ಒಂದು ವಾರ ಅಭ್ಯಾಸದಲ್ಲಿ ನೋಡಲಿ. ಎಷ್ಟು ಚೆಂಡು ಕಸಿದನೆಂದು ಬರೆದುಕೊಳ್ಳುವುದು ಬೇಡ. ಎದುರಾಳಿಯು ವೃತ್ತದ ಅಂಚಿಗೆ ಬಂದಾಗ ಇವನ ಮೊಣಕಾಲು ಬಗ್ಗಿದೆಯೇ, ಮೈ ಓರೆಯಾಗಿದೆಯೇ, ಹಿಂದಿನ ವರ್ಷ ನುಗ್ಗುತ್ತಿದ್ದ ಜಾಗದಲ್ಲಿ ಈಗ ಒಂದು ಹೆಜ್ಜೆ ಹಿಂದಕ್ಕಿಡುತ್ತಾನೆಯೇ ಎಂಬುದನ್ನು ನೋಡಿ ಬರೆದುಕೊಳ್ಳಲಿ.